ಒಂದು ಕೈ ಹಿಡಿಸುವ ಪೆಟ್ಟಿಗೆ

ಮನೆ, ಹೊಲಿಗೆ ಮೆಷಿನ್ನಿನ ಮೇಜು
ಸೋಮವಾರ, ಹದಿನೈದನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಊಟ ಸೇರುತ್ತಿದೆಯೇ? ಎಡಗಾಲಿನ ಜೋಮು ಕಡಿಮೆಯಾಯಿತೇ? ಇಷ್ಟು ದಿನ ಇದನ್ನೆಲ್ಲ ಫೋನಿನಲ್ಲಿ ಕೇಳುತ್ತಿದ್ದೆ. ಆ ಕಡೆಯಿಂದ ನಿಮ್ಮ ಉಸಿರು ಮಾತ್ರ ಕೇಳಿಸುತ್ತಿತ್ತು. ಲಕ್ವ ಹೊಡೆದ ಮೇಲೆ ಮಾತು ತೊದಲುತ್ತದೆಂದು ನಿಮಗೆ ನಾಚಿಕೆ. ಕಟ್ಟಿಕೊಂಡ ಹೆಂಡತಿಯ ಮುಂದೆ ಎಂಥ ನಾಚಿಕೆ? ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ, ಒಪ್ಪಿದೆ. ಐದು ತಿಂಗಳಿಂದ ಬಂಗಾರ ಕೂಡಿಟ್ಟಿದ್ದು ಸಾಕು, ಇನ್ನು ಸ್ವಲ್ಪ ಬೆಳ್ಳಿ ಬಿಚ್ಚಿ. ಹೋದ ಸಲ ನಾನು ಆಸ್ಪತ್ರೆಗೆ ನೋಡಲು ಬಂದಾಗಲೂ ಗೋಡೆಯ ಕಡೆ ತಿರುಗಿ ಮಲಗಿದ್ದಿರಿ. ಅದಕ್ಕೇ ಈ ಕಾಗದ. ಇದಕ್ಕೆ ಬೆನ್ನು ತಿರುಗಿಸಿದರೂ ಇದು ಎದ್ದು ಬಸ್ಸು ಹತ್ತುವುದಿಲ್ಲ, ಮಂಚದ ಮೇಲೆಯೇ ಬಿದ್ದಿರುತ್ತದೆ. ಯಾವಾಗಲಾದರೂ ಓದಿ, ಆದರೆ ಗುರುವಾರದ ಒಳಗೆ ಓದಿ.

ಗುರುವಾರ ಡಾಕ್ಟರು ನಿಮ್ಮನ್ನು ಏನು ಕೇಳುತ್ತಾರೆಂದು ನನಗೆ ಗೊತ್ತು. ಮನೆಗೆ ಹೋಗುತ್ತೀರೋ, ಇಲ್ಲ ಅಂಗಳದ ಆಚೆಗಿರುವ ಆ ಹಳದಿ ಕಟ್ಟಡಕ್ಕೆ ಹೋಗುತ್ತೀರೋ ಎಂದು. ಆ ಕಟ್ಟಡಕ್ಕೆ ಹೋದವರು ಅಲ್ಲೇ ಉಳಿಯುತ್ತಾರೆ ಎಂಬುದೂ ಗೊತ್ತು. ನೀವು ಮಗಳಿಗೆ ಹೇಳಿದ ಮಾತನ್ನು ಅವಳು ಎರಡು ದಿನ ನುಂಗಿಕೊಂಡಿದ್ದು ಕೊನೆಗೆ ನನಗೆ ಹೇಳಿದಳು: "ಲಾರಿ ಓಡಿಸದೋನು ಆ ಮನೇಲಿ ಕೂತು ಏನ್ ಮಾಡ್ಲಿ? ಇಲ್ಲೇ ಇರ್ತೀನಿ." ಲಾರಿ ಬೇರೆಯವರ ಕೈಗೆ ಹೋಯಿತು, ನಿಜ. ಇಪ್ಪತ್ತೇಳು ವರ್ಷ ಓಡಿಸಿದ ಕೈಗೆ ಇನ್ನು ರಸ್ತೆಯ ಮೇಲೆ ಸ್ಟೀರಿಂಗ್ ಇಲ್ಲ ಎಂದು ಡಾಕ್ಟರು ಹೇಳಿದ್ದೂ ನಿಜ. ಅದು ನನಗೂ ನೋವೇ. ಆದರೆ ನಾನು ಮದುವೆಯಾದದ್ದು ನಿಮ್ಮನ್ನು, ಲಾರಿಯನ್ನಲ್ಲ. ಅತ್ತು ಕರೆದು ಬರೆಯಬಾರದು ಎಂದುಕೊಂಡೇ ಕೂತಿದ್ದೇನೆ, ಆದ್ದರಿಂದ ಈಗ ಒಂದು ಪೆಟ್ಟಿಗೆಯ ಕಥೆ ಹೇಳುತ್ತೇನೆ, ಕೇಳಿ.

ಅಲ್ಲಿ ನಿಮ್ಮ ಕೈಗೆ ವ್ಯಾಯಾಮ ಮಾಡಿಸುವ ಆಕೆ ಇದ್ದಾರಲ್ಲ, ಅವರು ಹೇಳಿದ್ದು ನಿಮಗೆ ನೆನಪಿರಬಹುದು. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವಿದೆ, ಮೇಜಿಗೆ ಸ್ಟೀರಿಂಗ್ ಬಿಗಿದುಕೊಂಡು ಓಡಿಸಬಹುದು, ಕೈಗೂ ಮಿದುಳಿಗೂ ಒಳ್ಳೆಯದು ಎಂದು. ನೀವು ಆವತ್ತು ಅಷ್ಟು ತೊದಲಿನಲ್ಲೂ ಸ್ಪಷ್ಟವಾಗಿ ಹೇಳಿದಿರಿ: "ಆಟದ ಸಾಮಾನು ಕೊಟ್ಟು ಸಮಾಧಾನ ಮಾಡೋಕೆ ನಾನೇನು ಮಗುನಾ?" ನೀವು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಮಗಳು ನಿಮ್ಮ ಮಗಳೇ ಆದದ್ದರಿಂದ ಅವಳ ಮೊಲಕ್ಕೂ ಅಷ್ಟೇ. ಲಿಫ್ಟ್ ರಿಪೇರಿ ಮಾಡುವವಳಿಗೆ ವೈರು, ಮೋಟಾರು ಹೊಸದೇ? ಒಂದೊಂದಾಗಿ ಕಂಪ್ಯೂಟರಿನ ಬಿಡಿಭಾಗ ತರಿಸಿ ನನ್ನ ಬಟ್ಟೆ ಕಪಾಟಿನಲ್ಲಿ ತುಂಬಿದಳು. ಕೊನೆಗೆ, "ಅಮ್ಮಾ, ಒಳಗಿನದ್ದೆಲ್ಲ ನಾನ್ ನೋಡ್ಕೋತೀನಿ. ಅದನ್ನೆಲ್ಲ ಕೂರಿಸೋ ಪೆಟ್ಟಿಗೆ, ಕ್ಯಾಬಿನೆಟ್ಟು, ಅದನ್ನ ಮಾತ್ರ ನೀನೇ ಆರಿಸು. ಅಪ್ಪನ ಜೊತೆ ಬಾಳ್ವೆ ಮಾಡಿರೋಳು ನೀನು" ಅಂದಳು. ನನಗೆ ತಲೆಬುಡ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಕೊರಳಿಗೆ ಟೇಪು ನೇತುಹಾಕಿಕೊಂಡು ಹೊರಟೆ.

ಅಂಗಡಿ ಒಂದು ಉದ್ದನೆಯ ಕೋಣೆ, ಎರಡೂ ಗೋಡೆಗೆ ನೆಲದಿಂದ ಛಾವಣಿಯವರೆಗೆ ಪೆಟ್ಟಿಗೆಗಳು. ಅಂಗಡಿಯಾಕೆಗೆ ನಲವತ್ತರ ಮೇಲಿರಬೇಕು. ಕನ್ನಡಕ ಹಣೆಯ ಮೇಲೆ, ಸ್ಕ್ರೂಡ್ರೈವರ್ ಕಿವಿಯ ಮೇಲೆ, ನಾನು ಸೂಜಿಯನ್ನು ಕಾಲರಿಗೆ ಚುಚ್ಚಿಕೊಳ್ಳುವ ಹಾಗೆ. ನೋಡಿದ ಕೂಡಲೇ ಇಷ್ಟವಾದರು. ಮೂರು ಅಳತೆ ತೋರಿಸಿದರು: ಸಣ್ಣದು, ಮಧ್ಯದ್ದು, ದೊಡ್ಡದು. ದೊಡ್ಡದು ಫ್ರಿಜ್ಜಿನ ತಮ್ಮನಂತಿತ್ತು. ನಮ್ಮ ಮೇಜಿನ ಕೆಳಗೆ ಅಗಲ ಇರುವುದೇ ಒಂದು ಗೇಣು ಮೂರು ಬೆರಳು; ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ತಾನೇ? ಇನ್ನು ಬಣ್ಣದ ದೀಪ ಹಾಕಿದವು, ನಾಲ್ಕೂ ಕಡೆ ಗಾಜು ಹಾಕಿದವು, ಕಣ್ಣು ಕೋರೈಸುವಷ್ಟು. ಒಂದರ ಗಾಜಿನ ಮುಂಭಾಗವನ್ನು ಬೆರಳಿನಿಂದ ತಟ್ಟಿ ನೋಡಿದೆ, ಗಾಳಿ ಹೋಗಲು ಬದಿಯಲ್ಲಿ ಬೆರಳಗಲದ ಸಂದಿ ಅಷ್ಟೇ. ಮೇಲೆ ಥಳಕು, ಒಳಗೆ ಹುಳುಕು. ನೀವಿದ್ದಿದ್ದರೆ "ರೇಡಿಯೇಟರ್ ಮುಂದೆ ಹಲಗೆ ಹೊಡೆದಂಗಾಯ್ತು" ಅನ್ನುತ್ತಿದ್ದಿರಿ ಎಂದು ಅನಿಸಿತು, ನಾನೇ ಅಂದುಬಿಟ್ಟೆ. ಅಂಗಡಿಯಾಕೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ನನ್ನನ್ನು ಮತ್ತೊಮ್ಮೆ ನೋಡಿದರು.

ಆಮೇಲೆ ಅಳತೆ. ಇದರೊಳಗೆ ಚಿತ್ರ ಮೂಡಿಸಲು ಒಂದು ಕಾರ್ಡು ಇರುತ್ತದೆ, ಇಟ್ಟಿಗೆಗಿಂತ ಉದ್ದ. ಅದರ ಉದ್ದ ಮಗಳು ಬರೆದುಕೊಟ್ಟಿದ್ದಳು, ಪೆಟ್ಟಿಗೆಯ ಮೇಲೂ ಎಷ್ಟು ಉದ್ದದ್ದು ಹಿಡಿಸುತ್ತದೆಂದು ಬರೆದಿತ್ತು. ನೋಡಿದರೆ ಲೆಕ್ಕ ಸರಿ. ಆದರೆ ನಾನು ಮೂವತ್ತು ವರ್ಷದಿಂದ ತೋಳಿನ ಅಳತೆ ತೆಗೆದವಳು. ಕೈ ನೆಟ್ಟಗೆ ಇಳಿಬಿಟ್ಟು ಅಳೆದರೆ ತೋಳು ಗಿಡ್ಡವಾಗುತ್ತದೆ, ಮೊಣಕೈ ಮಡಿಸಿ ಅಳೆಯಬೇಕು. "ಈ ಕಾರ್ಡಿಗೆ ವೈರು ಎಲ್ಲಿಂದ ಸೇರುತ್ತೆ? ಸೇರಿ ಎಲ್ಲಿ ಬಾಗುತ್ತೆ?" ಎಂದು ಕೇಳಿದೆ. ಬದಿಯಿಂದಲೇ ಸೇರುತ್ತದಂತೆ, ಬಾಗಿದಾಗ ಮೂರು ನಾಲ್ಕು ಬೆರಳಗಲ ಜಾಗ ಬೇಕಂತೆ, ಇಲ್ಲದಿದ್ದರೆ ಬಾಗಿಲು ಮುಚ್ಚುವಾಗ ವೈರು ನಲುಗುತ್ತದಂತೆ. ಸಣ್ಣ ಪೆಟ್ಟಿಗೆಗಳೆಲ್ಲ ಅಲ್ಲೇ ಲೆಕ್ಕದಿಂದ ಬಿದ್ದುಹೋದವು. "ಇದನ್ನ ಎಷ್ಟೋ ಜನ ಮನೆಗೆ ಒಯ್ದು ವಾಪಸ್ ತಂದ ಮೇಲೆ ಕೇಳ್ತಾರೆ ಅಕ್ಕಾ" ಎಂದರು ಆಕೆ. ನನಗೆ ಒಳಗೊಳಗೇ ಎಷ್ಟು ಬಿಂಕ ಬಂತು ಗೊತ್ತೇ?

ಈಗ ಮುಖ್ಯ ವಿಷಯ. ಮಧ್ಯದ ಅಳತೆಯವೇ ಹನ್ನೊಂದು ಉಳಿದವು. ನಾನು ಎಡಗೈಯನ್ನು ಕೈಚೀಲದೊಳಗೆ ತೂರಿಸಿ, ಬಲಗೈಯೊಂದರಲ್ಲೇ ಒಂದೊಂದನ್ನೂ ತೆರೆಯಲು ಹೊರಟೆ. ಮೊದಲನೆಯದರ ಪಕ್ಕದ ಗಾಜಿಗೆ ನಾಲ್ಕು ಸ್ಕ್ರೂ. ನಾಲ್ಕನೆಯದನ್ನು ಬಿಚ್ಚುವಷ್ಟರಲ್ಲಿ ಗಾಜು ಜಾರಿತು, ಮೊಣಕಾಲು ಕೊಟ್ಟು ಹಿಡಿದೆ. ಎರಡನೆಯದು ತೆರೆಯಿತು, ಮುಚ್ಚಲಿಲ್ಲ. ಮೂರನೆಯದರ ತಳದ ಧೂಳು ಜಾಲರಿಯನ್ನು ಹಿಂದಿನಿಂದ ಎಳೆಯಬೇಕು. ಅಂದರೆ ಪ್ರತಿ ಸಲ ಇಡೀ ಪೆಟ್ಟಿಗೆಯನ್ನು ಮೇಜಿನ ಕೆಳಗಿನಿಂದ ಹೊರಗೆ ಎಳೆದು ತಿರುಗಿಸಬೇಕು. ಒಂದು ಕೈಯವರು ಏನು ಮಾಡಬೇಕು? ಅಂಗಡಿಗೆ ಬಂದವರೆಲ್ಲ ಈ ಮುದುಕಿಗೆ ಏನಾಗಿದೆ ಎಂದು ನಿಂತು ನೋಡಿದರು. ಅಂಗಡಿಯಾಕೆ ಮೆಲ್ಲಗೆ, "ಅಕ್ಕಾ, ಕೈಗೆ ಏನಾದ್ರೂ ಆಗಿದ್ಯಾ?" ಎಂದರು. "ನನಗಲ್ಲ, ನಮ್ಮ ಮನೆಯವರಿಗೆ" ಎಂದೆ. ಆಕೆ ಮರುಕ ತೋರಿಸಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ತಮ್ಮ ಎಡಗೈಯನ್ನು ಜೇಬಿಗೆ ಹಾಕಿಕೊಂಡು, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು. ಅರ್ಧ ಗಂಟೆ ನಾವಿಬ್ಬರು ಒಂದೊಂದು ಕೈಯಲ್ಲಿ ಪೆಟ್ಟಿಗೆ ತೆರೆದು ಮುಚ್ಚಿದೆವು. ನಿಮ್ಮ ಕೈಗೆ ಹೀಗಾದ ಮೇಲೆ ನಾನು ಅಷ್ಟು ನಕ್ಕದ್ದು ಆವತ್ತೇ ಮೊದಲು. ನಗುತ್ತಲೇ ಇನ್ನೊಂದೂ ಗೊತ್ತಾಯಿತು. ಒಂದು ಕೈಯಲ್ಲಿ ಮಾಡುವ ಕೆಲಸ ಎಷ್ಟು ನಿಧಾನ, ಎಷ್ಟು ಸಿಟ್ಟು ಬರಿಸುತ್ತದೆ ಎಂದು. ನೀವು ಬಟ್ಟಲು ಎಸೆದ ದಿನ ನಾನು ಬೈದೆನಲ್ಲ, ಅದು ತಪ್ಪು.

ಕೊನೆಗೆ ಎರಡು ಉಳಿದವು. ಎರಡಕ್ಕೂ ಪಕ್ಕದ ಬಾಗಿಲು ಕೀಲಿನ ಮೇಲೆ ತೆರೆಯುತ್ತದೆ, ನಮ್ಮ ಕಪಾಟಿನ ಹಾಗೆ. ಬೆರಳಿನಿಂದ ಎಳೆದರೆ ಸಾಕು, ಬಿಟ್ಟರೆ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಎರಡರೊಳಗೂ ಒಂದು ಕೈ ಮೊಣಕೈವರೆಗೆ ಆರಾಮವಾಗಿ ಹೋಗುತ್ತದೆ. ಒಂದರ ಮುಂಭಾಗ ಬಹುಪಾಲು ಮುಚ್ಚಿದ್ದು. "ಇದೇ ತಗೊಳ್ಳಿ ಅಕ್ಕಾ, ಧೂಳು ಕಮ್ಮಿ. ತಿಂಗಳುಗಟ್ಟಲೆ ಮುಟ್ಟೋದೇ ಬೇಡ" ಎಂದರು. ಇನ್ನೊಂದರ ಮುಂಭಾಗ ಪೂರ್ತಿ ಜಾಲರಿ, ಅದರ ಹಿಂದೆ ಮೂರು ಫ್ಯಾನು. ಗಾಳಿ ಚೆನ್ನಾಗಿ ಎಳೆಯುತ್ತದೆ, ಧೂಳನ್ನೂ ಅಷ್ಟೇ ಚೆನ್ನಾಗಿ ಎಳೆಯುತ್ತದೆ. ವಾರಕ್ಕೊಮ್ಮೆ ಮುಂದಿನ ಜಾಲರಿ ಕಿತ್ತು, ತಳದ್ದನ್ನು ಮುಂದಿನಿಂದಲೇ ಎಳೆದು ಕೊಡವಬೇಕು. ನಾನು ಎರಡನೆಯದನ್ನು ಆರಿಸಿದೆ. ಆಕೆಗೆ ಆಶ್ಚರ್ಯ, ಕೆಲಸ ಕಮ್ಮಿ ಇರುವುದನ್ನು ಬಿಟ್ಟು ಜಾಸ್ತಿ ಇರುವುದನ್ನು ಯಾರಾದರೂ ಆರಿಸುತ್ತಾರೆಯೇ ಎಂದು. ಆಕೆಗೆ ನೀವು ಗೊತ್ತಿಲ್ಲ. ಇಪ್ಪತ್ತೇಳು ವರ್ಷ ಭಾನುವಾರ ಬೆಳಿಗ್ಗೆ ಮನೆಯಲ್ಲಿದ್ದರೆ ಸಾಕು, ಲಾರಿಯ ಏರ್ ಫಿಲ್ಟರ್ ಬಿಚ್ಚಿ ಟೈರಿಗೆ ಬಡಿದು ಬಡಿದು ಬೀದಿಗೆಲ್ಲ ಧೂಳೆಬ್ಬಿಸಿ, ಒಗೆದ ಬಟ್ಟೆ ಹಾಳಾಯಿತೆಂದು ನನ್ನ ಕೈಲಿ ಬೈಸಿಕೊಂಡು, ತಿಂಡಿ ತಣ್ಣಗಾದ ಮೇಲೆ ಒಳಗೆ ಬರುತ್ತಿದ್ದವರು ನೀವು. ನಿಮ್ಮ ಕೈಗಾಗಿ ಕಾಯದ ವಸ್ತು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮುಟ್ಟಬೇಕಾಗಿಲ್ಲದ ಪೆಟ್ಟಿಗೆ ತಂದಿಟ್ಟರೆ ನೀವೂ ಅದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆಯಾಗಿ ಕೂತುಬಿಡುತ್ತೀರಿ ಎಂಬ ಹೆದರಿಕೆ ನನಗೆ.

ನಿನ್ನೆ ಮಗಳು ಬಂದು ಎಲ್ಲ ಜೋಡಿಸಿದಳು. ನಾನು ಪಕ್ಕದಲ್ಲಿ ಟಾರ್ಚು ಹಿಡಿದುಕೊಂಡು, ಇದೇನು, ಅದೇಕೆ ಎಂದು ಕೇಳಿ ಕೇಳಿ ಅವಳ ತಲೆ ತಿಂದೆ. ಗುಂಡಿ ಒತ್ತಿದ ಕೂಡಲೇ ಫ್ಯಾನು ತಿರುಗಿ ಹಿಂದಿನಿಂದ ಬಂದ ಗಾಳಿಗೆ ನನ್ನ ಕತ್ತರಿಸಿಟ್ಟ ಪೇಪರ್ ಪ್ಯಾಟರ್ನು ಹಾರಿತು. ಪರದೆಯ ಮೇಲೆ ಲಾರಿ ಬಂತು. ಸ್ಟೀರಿಂಗಿಗೆ ಒಂದೇ ಕೈಯಲ್ಲಿ ತಿರುಗಿಸಲು ಒಂದು ಗುಂಡು ಹಿಡಿ ಹಾಕಿದ್ದಾಳೆ. ಮೊದಲು ನಾನೇ ಕೂತೆ. ಗೋದಾಮಿನ ಗೇಟು ದಾಟುವುದರೊಳಗೆ ಗೇಟನ್ನೇ ಕಿತ್ತುಕೊಂಡು ಹೋದೆ. ಆಮೇಲೆ ಇಳಿಜಾರಿನಲ್ಲಿ ಬ್ರೇಕು ಎಷ್ಟು ತುಳಿದರೂ ನಿಲ್ಲಲಿಲ್ಲ, ನನ್ನ ಅಂಗೈ ನಿಜವಾಗಿ ಬೆವೆತಿತು. ಇಳಿಜಾರಿನಲ್ಲಿ ಏನು ಮಾಡುತ್ತಿದ್ದಿರಿ ನೀವು? ಎದುರಿನವನು ಎರಡು ಸಲ ಲೈಟು ಮಿಣುಕಿಸಿದರೆ ಏನರ್ಥ? ಹಿಂದೆ ಅಷ್ಟು ಉದ್ದ ಇರುವಾಗ ತಿರುವಿನಲ್ಲಿ ಬಾಲ ಎಲ್ಲಿ ಬರುತ್ತಿದೆಯೆಂದು ಹೇಗೆ ಗೊತ್ತಾಗುತ್ತದೆ? ಇಷ್ಟು ವರ್ಷ ನೀವು ಬಾಗಿಲಿಗೆ ಬಂದರೆ ಊಟ ಆಯಿತೇ ಎಂದು ಮಾತ್ರ ಕೇಳಿದೆ, ಇದನ್ನು ಕೇಳಲೇ ಇಲ್ಲ. ಈಗ ಕೇಳಬೇಕು ಅನ್ನಿಸುತ್ತಿದೆ. ತೊದಲುತ್ತಲೇ ಹೇಳಿ, ಒಂದು ಮಾತಿಗೆ ಹತ್ತು ನಿಮಿಷ ಹಿಡಿಯಲಿ, ನನಗೇನು ಬಸ್ಸು ಹಿಡಿಯುವುದಿದೆಯೇ? ನೀವು ಆಟ ಆಡಬೇಕಾಗಿಲ್ಲ. ಮೂಗು ಮುರಿದು ನನ್ನ ಡ್ರೈವಿಂಗನ್ನು ಬೈದರೂ ಸಾಕು. ನೀವಿಲ್ಲದೆ ನನಗೆ ಮನೆಯಲ್ಲಿ ಬೇಸರವಾಗುತ್ತಿದೆ, ನೀವು ಬೇಕು. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ.

ಮಾತ್ರೆ ತಪ್ಪಿಸಬೇಡಿ. ಕೋಲು ಹಿಡಿದೇ ನಡೆಯಿರಿ. ವ್ಯಾಯಾಮ ಮಾಡಿಸುವ ಆಕೆಗೂ ಪಕ್ಕದ ಮಂಚದ ಮೇಷ್ಟ್ರಿಗೂ ನನ್ನ ನಮಸ್ಕಾರ ಹೇಳಿ. ಹೇಳಬೇಕಾದರೆ ಬಾಯಿ ಬಿಡಲೇಬೇಕು, ನೆನಪಿರಲಿ. ಮಗಳು ಗುರುವಾರ ಹತ್ತು ಗಂಟೆಗೆ ಕಾರು ತರುತ್ತಾಳೆ. ನಾನೂ ಬರುತ್ತೇನೆ. ನಿಮಗೆ ಒಳ್ಳೆಯದಾಗಲಿ, ನಮ್ಮೆಲ್ಲರಿಗೂ ಆಗಲಿ.

ನಿಮ್ಮ,
"ಏ ಇವಳೇ"

ತಾ.ಕ.: ಅಂಚೆಯವರು ಬೀದಿಯ ತುದಿಗೆ ಬಂದಾಯಿತು, ಬೇಗ ಬರೆಯುತ್ತಿದ್ದೇನೆ. ಮಗಳಿಗೆ ಹೇಳಬೇಡಿ, ಬೈಯುತ್ತಾಳೆ. ಇವತ್ತು ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆರೆದು, ಒಳಗಿನ ಒಂದು ವೈರು ಕಿತ್ತಿಟ್ಟಿದ್ದೇನೆ. ಈಗ ಗುಂಡಿ ಒತ್ತಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಗಾಡಿಯನ್ನು ಕಂಡು ನೀವು ಒಮ್ಮೆಯಾದರೂ ಸುಮ್ಮನೆ ಮುಂದೆ ಹೋದದ್ದಿದೆಯೇ? ಯಾವ ವೈರು ಎಂದು ನಾನು ಹೇಳುವುದಿಲ್ಲ. ಬಂದು ಹುಡುಕಿ.