ಆಫ್ ಆಗಿದ್ದ ಶ್ರುತಿಪೆಟ್ಟಿಗೆ

ಕೊಡಿಗೇಹಳ್ಳಿ, ಜುಲೈ ೨೦೧೭

ಅಪ್ಪಾ,

ನೀನು ಹೋಗಿ ಮೂರು ವರ್ಷವಾದ ಮೇಲೆ ಇವತ್ತು ನಿನ್ನನ್ನು ಕೇಳಿಕೊಂಡು ಕ್ಯಾಮೆರಾದವರು ಬಂದಿದ್ದರು. ಮನಸ್ಸಿನ ಕಾಯಿಲೆಯ ಜೊತೆ ಬದುಕಿದ ಸಂಗೀತಗಾರರ ಬಗ್ಗೆ ಸಾಕ್ಷ್ಯಚಿತ್ರವಂತೆ. ನಿನ್ನ ನಾದಸ್ವರವನ್ನು ಮಡಿಲಲ್ಲಿ ಇಡಿಸಿ ನನ್ನನ್ನು ಕೂರಿಸಿದರು.

"ಅವರಿಗೆ ಏನ್ ಕೇಳಿಸ್ತಿತ್ತು ಮೇಡಂ?" ಎಂದಳು ನಿರ್ದೇಶಕಿ ಅಕ್ಷಯಾ.

"ಊಟಕ್ಕೆ ಕೂತ್ರೂ ಶ್ರುತಿಪೆಟ್ಟಿಗೆ ಆಫ್ ಮಾಡಮ್ಮ ಅಂತಿದ್ರು. ಅದು ಆಫೇ ಆಗಿರ್ತಿತ್ತು" ಎಂದೆ. ಒಂದು ದಿನ ನಾನು ಪ್ಲಗ್ ಕಿತ್ತು ನಿನ್ನ ಮುಖಕ್ಕೆ ಹಿಡಿದು, "ಎಲ್ಲಿದೆ ತೋರ್ಸು ನಿನ್ನ ಶ್ರುತಿ" ಅಂತ ಕಿರುಚಿದ್ದನ್ನು ಹೇಳಲಿಲ್ಲ.

"ಮನೇಲಿ ಬೇರೆ ಯಾರಿಗಾದ್ರೂ..."

"ಇಲ್ಲ" ಎಂದೆ, ಅವಳ ಮಾತು ಮುಗಿಯುವ ಮೊದಲೇ.

ಆಗಲೇ ಶ್ರುತಿ ಗುಂಯ್ ಅನ್ನುತ್ತಿರುವುದು ಕಿವಿಗೆ ಬಿತ್ತು. "ಅದೊಂದು ಆಫ್ ಮಾಡಿ, ರೆಕಾರ್ಡಿಂಗ್‌ಗೆ ತೊಂದ್ರೆ ಆಗುತ್ತೆ" ಎಂದೆ.

ಕ್ಯಾಮೆರಾ ಹಿಡಿದಿದ್ದ ವಿಶ್ವನಾಥ ಗೋಡೆಯ ಹತ್ತಿರ ಹೋಗಿ, ನೆಲದ ಮೇಲೆ ಬಿದ್ದಿದ್ದ ಪ್ಲಗ್ಗನ್ನು ಎತ್ತಿ ತೋರಿಸಿದ. "ಹಾಕೇ ಇಲ್ಲ ಮೇಡಂ." ಎಷ್ಟು ಮೆತ್ತಗೆ ಹೇಳಿದ ಗೊತ್ತಾ, ಅಪ್ಪಾ.

"ಏನೋ ಅಭ್ಯಾಸ" ಎಂದು ನಕ್ಕೆ. ಅವರೂ ನಕ್ಕರು.

ಪೆಟ್ಟಿಗೆಯಲ್ಲಿ ನಾನು ಇಟ್ಟುಕೊಂಡಿರುವುದು ನನ್ನ ಗಂಟಲಿಗೆ ತಕ್ಕ ಐದೂವರೆ ಮನೆ ಶ್ರುತಿ. ನನಗೆ ಕೇಳುತ್ತಿರುವುದು ಅದಕ್ಕಿಂತ ತಗ್ಗಿನ ಎರಡೂವರೆ ಮನೆಯದು, ನಿನ್ನ ನಾದಸ್ವರದ್ದು. ಅವರು ಹೊರಟುಹೋಗಿ ಗಂಟೆ ಕಳೆಯಿತು, ಇನ್ನೂ ನಿಂತಿಲ್ಲ. ಯಾರಿಗೂ ಹೇಳಿಲ್ಲ.

ಈಗ ಹಾಡು ಕಲಿಯುವ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾರೆ. ಯಾವ ಶ್ರುತಿಗೆ ಸೇರಿಸಿ ಹಾಡಲಿ, ಅಪ್ಪಾ?