ಎರಡು ಸತ್ತ ಹೀಟರ್ ಪ್ಲಗ್

ಮಾವಾ,

ನಿಮ್ಮ ಸೊಸೆ ಮಂಜುಳಾ ಬರೀತಿದ್ದೀನಿ. ನೀವು ಹೋಗಿ ಒಂದು ವರ್ಷದ ಮೇಲೆ ಎರಡು ತಿಂಗಳಾಯ್ತು. ಮನೆಯ ಸುದ್ದಿಯನ್ನೆಲ್ಲ ನಿಮಗೆ ಹೇಳ್ಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಆದರೆ ಒಂದು ಮಾತು ಮುಚ್ಚಿಟ್ಟುಕೊಂಡಿದ್ದೆ, ಅದು ಬರದೆ ಉಳಿದದ್ದೂ ಬರ್ತಿರಲಿಲ್ಲ. ಇವತ್ತು ಅದನ್ನೂ ಹೇಳ್ತೀನಿ. ಮೊದಲು ಕಾರಿನ ವಿಷಯ.

ಕಾರ್ತೀಕದಲ್ಲಿ ಅತ್ತೆಯ ಕಾಲು ಊದಿಕೊಳ್ತು. ವಯಸ್ಸಿನದು ಅಂದುಕೊಂಡ್ವಿ. ಅಲ್ಲ, ಎರಡೂ ಕಿಡ್ನಿ ಕೈಕೊಟ್ಟಿದ್ವು. ಈಗ ವಾರಕ್ಕೆ ಮೂರು ದಿನ ಮೈಸೂರಲ್ಲಿ ಡಯಾಲಿಸಿಸ್, ಅದೂ ಬೆಳಿಗ್ಗೆ ಆರು ಗಂಟೆಯ ಪಾಳಿ. ಕವಲಂದೆಯಿಂದ ಅಷ್ಟು ಹೊತ್ತಿಗೆ ಬಸ್ಸೆಲ್ಲಿ ಬರುತ್ತೆ? ಬಾಡಿಗೆ ಕಾರಿನವನು ಒಂದು ದಿನ ಏಳಲೇ ಇಲ್ಲ, ಪಾಳಿ ತಪ್ಪಿಹೋಯ್ತು. ಮಾರನೇ ದಿನ ಅತ್ತೆ ಗೋಡೆಗೆ ಒರಗಿ ಕೂತು ಉಸಿರು ಎಳೆದುಕೊಳ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಇನ್ನೊಂದು ಸಲ ಹಾಗಾದರೆ... ನಿಮ್ಮ ಜೀಪು ಇದ್ದಿದ್ದರೆ ಅಂತ ನಿಮ್ಮ ಮಗ ಅಂದ್ರು. ನೀವು ಹೋದ ತಿಂಗಳೇ ಹಟ ಹಿಡಿದು ಅದನ್ನ ಮಾರಿಸಿದವಳು ನಾನೇ.

ಟಿ. ನರಸೀಪುರದಲ್ಲಿ ಬೆಲ್ಲದ ವ್ಯಾಪಾರ ಮಾಡೋ ಶಿವಮಲ್ಲಪ್ಪ ಅನ್ನೋರ ಹತ್ತಿರ ಒಂದು ಬಿಳಿ ಡೀಸೆಲ್ ಕಾರು ಮಾರಾಟಕ್ಕಿದೆ ಅಂತ ತಿಳಿದು, ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಬೈಕಲ್ಲಿ ಹೋದ್ವಿ. ಕಾರು ಫಳಫಳ ಹೊಳೀತಿತ್ತು. ನಿಮ್ಮ ಮಗ ಒಳಗೆ ಕೂತು ಕೀ ತಿರುಗಿಸಿದ್ದೇ ತಡ, ಸ್ಟಾರ್ಟ್ ಆಯ್ತು. ಅವರ ಮುಖ ಅರಳಿತು. ನಾನು ಬಾನೆಟ್ ಮೇಲೆ ಕೈ ಇಟ್ಟೆ. ಬಿಸಿ. ನೆರಳಲ್ಲಿ ನಿಂತಿದ್ದ ಗಾಡಿ, ನಾವು ಬರೋ ಮೊದಲೇ ಓಡಿಸಿ ಇಟ್ಟಿರದಿದ್ದರೆ ಅಷ್ಟು ಬಿಸಿ ಹೇಗೆ ಬಂತು ಹೇಳಿ?

ನಂಜನಗೂಡಿನ ನಿಮ್ಮ ಗಾಡಿ ರಿಪೇರಿ ಶೆಡ್ಡಿಗೆ ಬುತ್ತಿ ತಂದಾಗ ನೀವು ಉಣ್ಣುತ್ತಾ ಹೇಳ್ತಿದ್ದದ್ದು ನೆನಪಾಯ್ತು. “ಬಿಸಿ ಎಂಜಿನ್ನು ಎಂಗಿದ್ರೂ ಸ್ಟಾರ್ಟ್ ಆಯ್ತದೆ ಮಗ. ಅದುಕ್ಕೆ ಹೀಟರ್ ಪ್ಲಗ್ಗೇ ಬೇಕಿಲ್ಲ. ತಣ್ಣಗಿರೋವಾಗ ನೋಡ್ಬೇಕು.” ತಣ್ಣಗಿರೋ ಡೀಸೆಲ್ ಎಂಜಿನ್ನನ್ನ ಸ್ಟಾರ್ಟಿಗೆ ಮೊದಲು ಒಳಗಿಂದ ಕಾಯಿಸೋ ಆ ಕಡ್ಡಿಗೆ ಗ್ಲೋ ಪ್ಲಗ್ ಅಂತ ಡಬ್ಬಿ ಮೇಲೆ ಬರೆದಿದ್ದರೂ ನೀವು ಹೀಟರ್ ಪ್ಲಗ್ ಅಂತಲೇ ಕರೀತಿದ್ರಿ.

“ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀವಿ ಸಾರ್. ಅಲ್ಲೀವರೆಗೂ ಗಾಡಿ ಮುಟ್ಟಬೇಡಿ,” ಅಂದೆ.

ಶಿವಮಲ್ಲಪ್ಪ ನನ್ನ ಕಡೆ ನೋಡದೆ ನಿಮ್ಮ ಮಗನಿಗೆ ಅಂದ್ರು, “ಏನಪ್ಪಾ, ಮನೆಯವ್ರೇ ಗಾಡಿ ನೋಡೋರಾ? ಸಂಜಿಕೆ ಇನ್ನೊಬ್ರು ಬತ್ತಾವ್ರೆ. ಅವ್ರು ಒಪ್ಕಂಡ್ರೆ ನಾನು ನಿಮ್ಗೋಸ್ಕರ ಮಡಿಕ್ಕಳಾಕ್ಕಾಗಲ್ಲ.”

ವಾಪಸ್ ಬರುವಾಗ ಸುತ್ತೂರು ದಾಟಿದ ಮೇಲೆ ನಿಮ್ಮ ಮಗ ಬೈಕ್ ನಿಲ್ಲಿಸಿ, “ಅಷ್ಟು ಚೆನ್ನಾಗಿ ಸ್ಟಾರ್ಟ್ ಆಯ್ತಲ್ಲ, ಇನ್ನೇನು ಬೇಕು ನಿಂಗೆ? ಅದು ಕೈ ತಪ್ಪಿದ್ರೆ ಅವ್ವನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?” ಅಂದ್ರು.

ಮಾರನೇ ದಿನ ಮಂಜಿನಲ್ಲೇ ಹೋದ್ವಿ. ಕಾರು ಅಲ್ಲೇ ಇತ್ತು, ಬಾನೆಟ್ ಮೇಲೆ ಇಬ್ಬನಿ. ನಿಮ್ಮ ಮಗ ಕೀ ಅರ್ಧ ತಿರುಗಿಸಿದಾಗ ಸ್ಟೇರಿಂಗ್ ಹಿಂದಿನ ಹೀಟರ್ ದೀಪ ಬಂತು, ಪ್ಲಗ್ ಕಾದಾಯ್ತು ಅನ್ನೋ ಹಾಗೆ ಸ್ವಲ್ಪ ಹೊತ್ತಿಗೆ ಆರಿತು. ಆದರೆ ಸ್ಟಾರ್ಟ್ ಮಾಡಿದರೆ ಬರೀ ಗರಗರ. ಮೂರನೇ ಸಲಕ್ಕೆ ಹಿಡಿದುಕೊಳ್ತು, ಗಾಡಿ ಇಡೀ ನಡುಗಿತು, ಹಿಂದಿನಿಂದ ಬಿಳೀ ಹೊಗೆ ಅಂಗಳ ತುಂಬಿತು. ನಿಮ್ಮ ಮಗ ನನ್ನ ಮುಖ ನೋಡಿದ್ರು. ಶಿವಮಲ್ಲಪ್ಪ, “ಚಳಿ ಕಣಮ್ಮ. ಮನ್ಸರೇ ಏಳಕ್ಕಿಲ್ಲ, ಗಾಡಿ ಎದ್ದದಾ?” ಅಂದ್ರು.

ನಿಮ್ಮ ಟೆಸ್ಟ್ ಬಲ್ಬ್ ತಂದಿದ್ದೆ. ಗಾಡಿ ನಿಲ್ಲಿಸಿ ನಾಲ್ಕು ಪ್ಲಗ್ಗಿನ ತಂತಿ ಬಿಚ್ಚಿ, ಬ್ಯಾಟರಿಯಿಂದ ಒಂದೊಂದಕ್ಕೂ ಬಲ್ಬಿನ ವೈರ್ ಮುಟ್ಟಿಸಿದೆ. ಒಂದನೇದಕ್ಕೆ ಬಲ್ಬ್ ಉರೀತು. ಎರಡನೇದಕ್ಕೆ ಇಲ್ಲ. ಮೂರಕ್ಕೆ ಉರೀತು. ನಾಲ್ಕಕ್ಕೆ ಇಲ್ಲ. ದೀಪ ಬಂದ ಮಾತ್ರಕ್ಕೆ ಪ್ಲಗ್ ಬದುಕಿದೆ ಅಂತಲ್ಲ ಅಂತ ನೀವು ಹೇಳಿದ್ದು ಇದನ್ನೇ ಅಲ್ವಾ?

ಆದರೆ ಹೊಗೆಗೆ ಪ್ಲಗ್ ಒಂದೇ ಕಾರಣವೋ, ಎಂಜಿನ್ನೇ ಸೋತಿದೆಯೋ, ಬದಲಾಯಿಸಿ ನೋಡದೆ ಹೇಳೋದು ಹೇಗೆ? ಹೊಸ ಪ್ಲಗ್ ತರಿಸಿ ಹಾಕಿ ನೋಡ್ತೀವಿ ಅಂದೆ. ಶಿವಮಲ್ಲಪ್ಪ ಆಗ ಮೊದಲನೇ ಸಲ ನನ್ನನ್ನೇ ನೋಡಿ ಮಾತಾಡಿದ್ರು. “ಆಯ್ತಮ್ಮ. ಬಿಚ್ಚೋವಾಗ ಹಳೇ ಪ್ಲಗ್ಗು ಒಳಗೇ ಮುರುದೋದ್ರೆ ಎಂಜಿನ್ ಹೆಡ್ಡೇ ಇಳಿಸ್ಬೇಕು, ಗೊತ್ತಾ? ಮುರುದ್ರೆ ಗಾಡಿ ನಿಮ್ದು. ಎಂಗಿದ್ದದೋ ಅಂಗೇ ತಕ್ಕಂಡೋಗಿ.”

“ಬೇಡ, ಬಾ ಹೋಗೋಣ,” ಅಂದ್ರು ನಿಮ್ಮ ಮಗ. ನಾನು ಶಿವಮಲ್ಲಪ್ಪನವರ ಷರತ್ತಿಗೆ ಒಪ್ಪಿಕೊಂಡೆ.

ಎಂಜಿನ್ ಬಿಸಿ ಮಾಡಿದೆ. ಪ್ಲಗ್ಗಿನ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದು ಗಂಟೆ ಕಾದೆ. ಎರಡನೇದು ಸುಲಭವಾಗಿ ಬಂತು. ನಾಲ್ಕನೇದು ಅಲ್ಲಾಡಲಿಲ್ಲ. ಸ್ವಲ್ಪ ಬಲ ಹಾಕಿದ್ರೆ ಕಟ್ ಅನ್ನೋ ಹಾಗಿತ್ತು. ಸ್ಪ್ಯಾನರ್ ಹಿಡಿದ ಕೈ ಬೆವರಿ ಜಾರ್ತಿತ್ತು. ಕೂದಲೆಳೆಯಷ್ಟು ಸಡಿಲ, ಮತ್ತೆ ಅಷ್ಟೇ ಬಿಗಿ. ಮತ್ತೆ ಎಣ್ಣೆ. ಶಿವಮಲ್ಲಪ್ಪ ಬೀಡಿ ಹಚ್ಚೋದು ಮರೆತು ನಿಂತಿದ್ರು. ಅರ್ಧ ಗಂಟೆಯೋ, ಹೆಚ್ಚೋ. ಕೊನೆಗೆ ಕಿರ್ ಅಂತ ಒಂದು ಸಣ್ಣ ಸದ್ದು. ಮುರೀತು ಅಂತ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ ಸ್ಪ್ಯಾನರ್ ತಿರುಗಿತ್ತು, ಪ್ಲಗ್ ಇಡಿಯಾಗಿ ಮೇಲೆ ಬರ್ತಿತ್ತು. ನಿಮ್ಮ ಮಗ ಪೇಟೆಯಿಂದ ತಂದಿದ್ದ ಹೊಸ ಪ್ಲಗ್ಗಿನ ಡಬ್ಬಿ ಬಿಚ್ಚಿ ನನ್ನ ಕೈಗೆ ಕೊಟ್ರು.

ಹೊಸದು ಹಾಕಿ ಬಂದು, ಮಂಗಳವಾರ ಮತ್ತೆ ಇಬ್ಬನಿಯಲ್ಲೇ ಹೋದ್ವಿ. “ನೀನೇ ಸ್ಟಾರ್ಟ್ ಮಾಡು,” ಅಂದ್ರು ನಿಮ್ಮ ಮಗ. ಕೂತೆ. ಕೀ ಅರ್ಧ ತಿರುಗಿಸಿದೆ. ದೀಪ ಬಂತು.

ನೀವು ಹೋದ ಆ ಬೆಳಿಗ್ಗೆ ನೆನಪಾಯ್ತು ಮಾವ. ನಿಮ್ಮ ಮಗ ಫ್ಯಾಕ್ಟರಿಯಲ್ಲಿದ್ರು. ನೀವು ಎದೆ ಹಿಡಿದುಕೊಂಡು ಜೀಪಿನ ಹಿಂದಿನ ಸೀಟಲ್ಲಿ ಅತ್ತೆಯ ತೊಡೆ ಮೇಲೆ ಮಲಗಿದ್ರಿ. ನಾನು ಕೀ ಹಾಕಿ ನೇರವಾಗಿ ತಿರುಗಿಸಿಬಿಟ್ಟೆ. ಹೀಟರ್ ದೀಪ ಆರಲಿ ಅಂತ ಕಾಯಲಿಲ್ಲ. ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ, ಮತ್ತೆ. ನೀವು ಕೈ ಎತ್ತಿದ್ದು ಕನ್ನಡಿಯಲ್ಲಿ ಕಾಣಿಸ್ತು. ಬೇಗ ಅಂತಿದ್ದೀರಿ ಅಂದುಕೊಂಡು ಬ್ಯಾಟರಿ ಸಾಯೋವರೆಗೂ ತಿರುಗಿಸಿದೆ. ಆಟೋ ಬರೋ ಹೊತ್ತಿಗೆ... ನೀವು ಬೇಗ ಅಂದಿರಲಿಲ್ಲ ಅಲ್ವಾ ಮಾವ? ತಡಿ ಅಂದಿದ್ರಿ. ಜೀಪು ಕೆಟ್ಟಿತ್ತು ಅಂತ ಎಲ್ಲರಿಗೂ ಹೇಳಿದೆ. ಜೀಪು ಕೆಟ್ಟಿರಲಿಲ್ಲ.

ನರಸೀಪುರದ ಅಂಗಳದಲ್ಲಿ ದೀಪ ಆರೋವರೆಗೂ ಕಾದೆ. ಆಮೇಲೆ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿದುಕೊಳ್ತು. ಹೊಗೆಯಿಲ್ಲ, ನಡುಕವಿಲ್ಲ. ಶಿವಮಲ್ಲಪ್ಪ ಕಾಗದಪತ್ರ ತರೋಕೆ ಒಳಗೆ ಹೋಗ್ತಾ, “ಯಾರಮ್ಮ ಕಲಿಸಿದ್ದು?” ಅಂದ್ರು. ನಿಮ್ಮ ಹೆಸರು ಹೇಳಿದೆ.

ಮೊನ್ನೆ ಅತ್ತೆಯನ್ನ ಮೊದಲನೇ ಸಲ ನಾನೇ ಕರ್ಕೊಂಡು ಹೋದೆ. ನಂಜನಗೂಡಿನ ಸೇತುವೆ ದಾಟಿದ ಮೇಲೆ ತಡೆಯೋಕಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅತ್ತೆ ಸೆರಗು ಹೊದ್ದುಕೊಂಡು ನನ್ನ ಕಡೆ ತಿರುಗಿದ್ರು.

“ನಂಗೊತ್ತು ಕಣವ್ವ. ಇಂದ್ಗಡೆ ಸೀಟಲ್ಲಿ ನಾನೇ ಕೂತಿದ್ನಲ್ಲ. ತಡಿ ಮಗ, ತಡಿ ಮಗ ಅಂತಿದ್ರು.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅತ್ತೆ?”

“ಏಳುದ್ರೆ ನೀನು ಇನ್ನೊಂದ್ಸಲ ಗಾಡಿ ಮುಟ್ತಿದ್ಯಾ?”

ಆರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಆಸ್ಪತ್ರೆಯ ಬಾಗಿಲಲ್ಲಿದ್ವಿ. ಅತ್ತೆ ನನ್ನ ಹೆಗಲು ಹಿಡಿದು ಇಳಿದ್ರು. ನಾಳೆ ಮತ್ತೆ ಹೋಗ್ಬೇಕು ಮಾವ. ಒಂದು ಪಾಳಿಯೂ ತಪ್ಪದ ಹಾಗೆ ನೋಡ್ಕೊಳ್ತೀನಿ.

ನಿಮ್ಮ ಸೊಸೆ,
ಮಂಜುಳಾ