ಹೇಳದೆ ಹೋಗುವ ಸರದಿ

ಕೂಡುಕಟ್ಟಿನ ನೂರಾ ಹನ್ನೆರಡನೆಯ ವರ್ಷ, ಜೋಳ ಹಾಲುಗಟ್ಟುವ ತಿಂಗಳು
ಎರೆಹೊಲ ಪಡಸಾಲೆಯಿಂದ

ಹಿರಿಯರೇ,

ಈ ಬೆಳಿಗ್ಗೆ ಬಾಗಿಲು ತೆರೆದಾಗ ಹೊಸ್ತಿಲಾಚೆ ನನ್ನ ಚಪ್ಪಲಿ ಒಂದೇ ಇತ್ತು, ಎಡಗಾಲಿನದು. ನಾಯಿ ಎಳೆದಿದ್ದರೆ ಅದು ಓರೆಯಾಗಿ ಬಿದ್ದಿರುತ್ತಿತ್ತು. ಇದನ್ನು ಯಾರೋ ಗೋಡೆಗೆ ತಾಗಿಸಿ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು, ನೀಟಾಗಿ ಇಟ್ಟಿದ್ದರು.

ಮೇಲಿನ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ನಾನಿರುವುದು ನಿಮಗಿಂತ ನೂರು ವರ್ಷ ಮುಂದೆ. ನೀವು ಈಗ ಯಾವುದೋ ಸಭಾಂಗಣದಲ್ಲಿ ಕುಳಿತು, ವಿಶ್ವವಿದ್ಯಾಲಯ, ಸಮುದಾಯ ಕಾಲೇಜು, ಊರ ಶಾಲೆ ಇವು ಮೂರೂ ಒಂದಾಗಿ ನಡೆಯಬಾರದೇಕೆ ಎಂದು ಮಾತಾಡುತ್ತಿದ್ದೀರಿ. ಆ ಮಾತೇ ಬೆಳೆದು ನಮ್ಮ ಕೂಡುಕಟ್ಟಾಯಿತು. ನನ್ನ ಪದಗಳು ನಿಮಗೆ ಅಪರಿಚಿತ ಎನಿಸಿದರೆ ಮನ್ನಿಸಿ. ನಾವು ವಿಶ್ವವಿದ್ಯಾಲಯವನ್ನು ದೊಡ್ಡಮನೆ ಎನ್ನುತ್ತೇವೆ, ಸಮುದಾಯ ಕಾಲೇಜನ್ನು ನಡುಮನೆ, ಶಾಲೆಯನ್ನು ಪಡಸಾಲೆ. ಮೂರೂ ಸೇರಿ ಒಂದೇ ಮನೆ ಎಂಬ ಭಾವನೆಯಿಂದ ಹಿಂದಿನವರು ಇಟ್ಟ ಹೆಸರುಗಳು.

ನೀವು ಮಾಡಿದ್ದು ತಪ್ಪೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಎರೆಹೊಲದ ಮಕ್ಕಳು ಬಾವಿಯ ನೀರಿನ ಮಟ್ಟ ಅಳೆದು ಕಳಿಸುತ್ತಾರೆ. ದೊಡ್ಡಮನೆಯವರು ಅದನ್ನು ನೋಡಿ ಯಾವ ಹೊಲಕ್ಕೆ ಕಡಲೆ, ಯಾವುದಕ್ಕೆ ಜೋಳ ಎಂದು ಊರಿಗೆ ತಿಳಿಸುತ್ತಾರೆ. ನಡುಮನೆಯ ಹುಡುಗಿಯರು ಪಂಪು ರಿಪೇರಿ ಕಲಿಯುವುದು ನಮ್ಮದೇ ಅಂಗಳದಲ್ಲಿ, ಸಣ್ಣ ಮಕ್ಕಳು ಸುತ್ತ ಕೂತು ನಟ್ಟು ಬೋಲ್ಟು ಎತ್ತಿಕೊಡುತ್ತಿರುವಾಗ. ನನ್ನ ಅವ್ವ ಕುರಿ ಕಾಯುವವರ ಮನೆಯ ಮಗಳು. ಪಡಸಾಲೆಯಿಂದ ನಡುಮನೆಗೆ, ಅಲ್ಲಿಂದ ದೊಡ್ಡಮನೆಗೆ ಹೋಗಲು ಅವಳು ಯಾರ ಕಾಲೂ ಹಿಡಿಯಬೇಕಾಗಲಿಲ್ಲ. ನಾನು ಸಾಹಿತ್ಯ ಓದಿದ್ದೂ ಅದೇ ದಾರಿಯಲ್ಲಿ.

ಆದರೆ ಮೇಷ್ಟ್ರುಗಳು ಎಲ್ಲ ಊರಿಗೂ ಸಾಲುವುದಿಲ್ಲ. ಹಾಗಾಗಿ ಸರದಿ ಬಂತು. ದೊಡ್ಡಮನೆಯಲ್ಲಿ ಓದು ಮುಗಿಸಿದವರು ಒಂದೊಂದು ಪಡಸಾಲೆಯಲ್ಲಿ ಅರ್ಧ ವರ್ಷ ಇದ್ದು ಮುಂದಿನದಕ್ಕೆ ಹೋಗಬೇಕು. ಒಳ್ಳೆಯ ಮೇಷ್ಟ್ರನ್ನು ಯಾವ ಊರೂ ತನಗೇ ಇಟ್ಟುಕೊಳ್ಳಬಾರದು, ಯಾವ ಊರೂ ಖಾಲಿ ಇರಬಾರದು. ಇದರಲ್ಲಿ ಅನ್ಯಾಯವೇನೂ ಇಲ್ಲ.

ಜೊತೆಗೆ ಒಂದು ಪದ್ಧತಿ ಇದೆ. ಸರದಿ ಮುಗಿದವರು ನಸುಕಿನಲ್ಲಿ, ಮಕ್ಕಳು ಬರುವ ಮೊದಲೇ, ಯಾರಿಗೂ ಹೇಳದೆ ಹೋಗಬೇಕು. ಇದು ಹುಟ್ಟಿದ್ದು ಕರುಣೆಯಿಂದ. ಮೊದಲ ವರ್ಷಗಳಲ್ಲಿ ಮಕ್ಕಳು ಗಾಡಿಯ ಹಿಂದೆ ಓಡುತ್ತಿದ್ದರಂತೆ, ಊಟ ಬಿಡುತ್ತಿದ್ದರಂತೆ. ಕಣ್ಣಿಗೆ ಬೀಳದೆ ಹೋದರೆ ನೋವಾಗದು ಎಂದು ದೊಡ್ಡವರು ನಂಬಿದರು. ಹೇಳಿ ಹೋದವರಿಗೆ ಮುಂದಿನದೇ ಕೊನೆಯ ಸರದಿ. ಆಮೇಲೆ ಪಡಸಾಲೆಯೂ ಇಲ್ಲ, ದೊಡ್ಡಮನೆಯಲ್ಲಿ ಸಂಶೋಧನೆಯ ಸ್ಥಾನವೂ ಇಲ್ಲ.

ಮಕ್ಕಳಿಗೆ ಮಾತ್ರ ಎಲ್ಲ ತಿಳಿಯುತ್ತದೆ. ಮುಂದೆ ಬರುವವರ ಹಾಸಿಗೆಯ ಸುರುಳಿ ಅವರಿಗಿಂತ ಮೊದಲು ಬರುತ್ತದೆ. ನಿನ್ನೆ ಅದು ಬಂದು ವರಾಂಡದಲ್ಲಿ ಕೂತಿತು. ಮಕ್ಕಳು ಅದನ್ನು ಸುತ್ತುಹಾಕಿ ಓಡಾಡಿದರೇ ಹೊರತು ಯಾರೂ ಮುಟ್ಟಲಿಲ್ಲ, ಯಾರದೆಂದು ಕೇಳಲೂ ಇಲ್ಲ. ಅವರು ನಮ್ಮ ಹೆಸರನ್ನೂ ಕೇಳುವುದಿಲ್ಲ. ನಾವೆಲ್ಲ ಅವರಿಗೆ ಸರದಿಯ ಅಕ್ಕಾರು, ಸರದಿಯ ಮಾಸ್ತರು.

ಚಪ್ಪಲಿ ಹುಡುಕುತ್ತಿದ್ದಾಗ ಅಡುಗೆಯ ಶರಣವ್ವ ಒಲೆಯ ಮುಂದಿನಿಂದಲೇ ಕೂಗಿದಳು.

"ಒಂದ ಹೋಗೇತೇನ್ರಿ ಅಕ್ಕಾರ? ಎರಡೂ ಒಯ್ದಿದ್ರ ಕಳವು ಅನ್ನಬೌದಿತ್ತು. ಒಂದ ಒಯ್ದಾರಂದ್ರ ಅದು ಹೋಗಬ್ಯಾಡ್ರಿ ಅಂತ ನಿಮಗ ಕೈಮುಗದಂಗ."

"ಹೋದ ಸಲಾನೂ ಹಿಂಗ ಆಗಿತ್ತೇನು?"

"ಆಗಿತ್ತ್ರಿ. ಆ ಮಾಸ್ತರು ಬರಿಗಾಲಾಗ ಹೋದ್ರು. ನಿಂದ್ರಲಿಲ್ಲ."

ಒಯ್ದವಳು ಹುಲಿಗಿ ಎಂದು ನನಗೆ ಗೊತ್ತಿತ್ತು. ಅವಳಿಗೆ ಎಂಟು ವರ್ಷ. ನಾನು ಬಂದಾಗ ಅವಳು ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅಕ್ಷರವೇ ಬಾರದ ಹುಡುಗಿ ಎಂದು ಹಿಂದಿನ ಮಾಸ್ತರು ಬರೆದಿಟ್ಟು ಹೋಗಿದ್ದರು. ನನಗೂ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ. ಆದ್ದರಿಂದ ನಾನು ಅವಳ ಪಕ್ಕದಲ್ಲಿ ಸುಮ್ಮನೆ ಕೂತು ಓದುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ತುಟಿ ಅಲ್ಲಾಡಿತು. ಕಳೆದ ವಾರ ಒಂದಿಡೀ ಪುಟವನ್ನು, ನನ್ನ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಓದಿ ಮುಗಿಸಿದಳು.

ಇವತ್ತು ಮಧ್ಯಾಹ್ನ ಅವಳೇ ಬಂದು ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟಳು. ಹೋಗುವವಳಂತೆ ತಿರುಗಿ, ಮತ್ತೆ ನಿಂತಳು.

"ಹೊಸಾ ಅಕ್ಕಾರಿಗೆ ನನಗ ಓದಾಕ ಬರ್ತೈತಿ ಅಂತ ಹೇಳಬ್ಯಾಡ್ರಿ."

ಯಾಕೆಂದು ಕೇಳಿದೆ.

"ಬಂತು ಅಂದಕೂಡ್ಲೆ ಹೋಗಿಬಿಡ್ತೀರಿ ನೀವೆಲ್ಲ."

ಅವಳು ಅತ್ತಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ. ಅವಳು ಅಳಲಿಲ್ಲ. ತನಗೆ ಬಹಳ ಹಿಂದೆಯೇ ಅರ್ಥವಾದ ವಿಷಯವೊಂದನ್ನು ನನಗೆ ತಿಳಿಸಿ, ಕೈ ತೊಳೆದುಕೊಂಡು ಊಟಕ್ಕೆ ಹೋದಳು.

ಅಂದರೆ ಹಿಂದೆಯೂ ಒಮ್ಮೆ ಅವಳು ಕಲಿತಿದ್ದಳು. ಎರಡು ಸಲವೂ ಇರಬಹುದು. ಕಲಿತದ್ದಕ್ಕೇ ಕಲಿಸಿದವರು ಹೋದರು ಎಂದುಕೊಂಡು ಅದನ್ನು ಬಚ್ಚಿಟ್ಟಳು. ನಾವು ಯಾರೂ ಕಾರಣ ಹೇಳಿ ಹೋಗಲಿಲ್ಲ, ಮಗು ತಾನೇ ಒಂದು ಕಾರಣ ಕಟ್ಟಿಕೊಂಡಿತು.

ಸಂಜೆ ನಡುಮನೆಯ ಸಂಯೋಜಕರಾದ ಬಸವಂತ ಸರ್ ಅವರಿಗೆ ಫೋನ್ ಮಾಡಿ, ಇನ್ನೊಂದು ಸರದಿ ಇಲ್ಲೇ ಇರಲೇ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ.

"ತಂಗಿ, ನೀ ಹೋಗೋ ಕಲ್ಲಗುಡ್ಡದ ಪಡಸಾಲಿ ಮೊನ್ನಿಂದ ಬಾಗಲಾ ಹಾಕೇತಿ. ಅಲ್ಲೂ ಒಬ್ಬಾಕಿ ಇದ್ದಾಳು, ಬಾಯಿ ಬಿಡಲಾರದಾಕಿ. ನೀ ಎರೆಹೊಲದಾಗ ಕುಂತರ ಆಕಿಗೆ ಯಾರು?"

ಅವರ ಮಾತು ಸುಳ್ಳಲ್ಲ. ಹೋಗಲೇಬೇಕು.

ಹಿರಿಯರೇ, ನಿಮ್ಮ ಒಪ್ಪಂದದಲ್ಲಿ ಕಟ್ಟಡ, ಪ್ರಯೋಗಾಲಯ, ಪಠ್ಯ ಎಲ್ಲ ಹಂಚಿಕೊಳ್ಳುವ ಮಾತಿದೆ. ಮನುಷ್ಯರನ್ನು ಹಂಚಿಕೊಳ್ಳುವ ಜಾಗ ಬಂದಾಗ ಸ್ವಲ್ಪ ನಿಲ್ಲಿ. ಬರುವವರು ಬರಲಿ, ಹೋಗುವವರು ಹೋಗಲಿ. ಪ್ರತಿ ಶಾಲೆಯಲ್ಲಿ ಒಬ್ಬರಾದರೂ ಉಳಿಯುವವರು ಇರಲಿ, ಮಗು ಓದಲು ಕಲಿತ ಮರುದಿನವೂ ಅವಳ ಪಕ್ಕದಲ್ಲಿ ಕೂರುವುದಕ್ಕೆ. ಅಷ್ಟು ಆಗದಿದ್ದರೆ, ಹೋಗುವವರು ಹೇಳಿ ಹೋಗಲಿ ಎಂದಾದರೂ ಬರೆಯಿರಿ. ಈ ಕಾಗದ ನಿಮ್ಮನ್ನು ತಲುಪುವುದಿಲ್ಲ ಎಂದು ಗೊತ್ತು. ತಲುಪಿದ್ದರೆ ಹುಲಿಗಿ ಇವತ್ತು ಹಾಗೆ ಹೇಳುತ್ತಿರಲಿಲ್ಲ.

ನಾಳೆ ನಸುಕಿನಲ್ಲಿ ಗಾಡಿ ಬಂದು ಹಾರ್ನ್ ಹಾಕುತ್ತದೆ. ನಾನು ಹೊರಗೆ ಬರುವುದಿಲ್ಲ. ಕಲ್ಲಗುಡ್ಡಕ್ಕೆ ಹೊಲದ ದಾರಿಯಿದೆ, ಸಂಜೆಯೊಳಗೆ ನಡೆದು ಮುಟ್ಟಬಹುದು. ಅದು ನನ್ನ ಕೊನೆಯ ಸರದಿಯಾಗುತ್ತದೆ, ಆಗಲಿ. ಮಕ್ಕಳು ಬರುವವರೆಗೆ ಕಾಯುತ್ತೇನೆ. ಹುಲಿಗಿಯ ಪಕ್ಕದಲ್ಲಿ ಕೂತು, ನನ್ನ ಹೆಸರು ನೀಲಗಂಗಾ, ನಾನು ಎಲ್ಲಿಗೆ ಹೋಗುತ್ತಿದ್ದೇನೆ, ಯಾಕೆ ಹೋಗುತ್ತಿದ್ದೇನೆ ಎಂದು ಹೇಳುತ್ತೇನೆ. ಅವಳು ಅಳುವಷ್ಟು ಹೊತ್ತು ಅಲ್ಲೇ ಇರುತ್ತೇನೆ. ಆಮೇಲೆ ಹಗಲಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ಹೋಗುತ್ತೇನೆ.